ಬಲೆ ಎಳೆಯುವ ತೋಳಿಗೆ ಜುಲೈ ತಿಂಗಳ ತಯಾರಿ

ಮಲ್ಪೆ ಬಂದರಿನಿಂದ ಉಡುಪಿಗೆ ಬರುವ ರಸ್ತೆಯ ಬದಿಯಲ್ಲಿ ನಾನು ಹಲವು ವರ್ಷಗಳಿಂದ ಒಂದು ಸಣ್ಣ ಫಿಸಿಯೋಥೆರಪಿ ಕೇಂದ್ರ ನಡೆಸುತ್ತಿದ್ದೇನೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನಗಳ ಕಾಲ, ಯಾಂತ್ರಿಕ ಬೋಟುಗಳು ಮೀನು ಹಿಡಿಯಲು ಕಡಲಿಗೆ ಇಳಿಯುವಂತಿಲ್ಲ. ಆಗಸ್ಟಿನಲ್ಲಿ ಬೋಟುಗಳು ಹೊರಟು ಮರಳಿದ ಬೆನ್ನಿಗೇ ಬಲೆ ಎಳೆಯುವವರು, ಐಸ್ ಪೆಟ್ಟಿಗೆ ಇಳಿಸುವವರು ಒಂದೇ ದೂರು ಹೊತ್ತು ನನ್ನಲ್ಲಿಗೆ ಬರುತ್ತಿದ್ದರು: “ಮೇಡಂ, ಕೈ ಮೇಲೆ ಎತ್ತಲಿಕ್ಕೆ ಆಗುವುದಿಲ್ಲ, ತೊಡೆ ಹಿಡಿದುಕೊಂಡಿದೆ.”

ಆರಂಭದ ವರ್ಷಗಳಲ್ಲಿ ನಾನು ಅವರಿಗೆ ಐಸ್ ಇಡುತ್ತಿದ್ದೆ, ಎರಡು ದಿನ ಸಂಪೂರ್ಣ ವಿಶ್ರಾಂತಿ ಹೇಳುತ್ತಿದ್ದೆ, ಜೊತೆಗೆ ವಿಟಮಿನ್ ಸಿ ಮತ್ತು ಇ ಮಾತ್ರೆ ತೆಗೆದುಕೊಂಡರೆ ಒಳ್ಳೆಯದು ಎಂದೂ ಸೂಚಿಸುತ್ತಿದ್ದೆ. ನಾನು ಮೊದಲು ಕೆಲಸ ಮಾಡಿದ ಆಸ್ಪತ್ರೆಯಲ್ಲಿ ಇದೇ ರೂಢಿಯಾಗಿತ್ತು. ಅದರ ಹಿಂದಿನ ತರ್ಕವೂ ಸರಳವಾಗಿತ್ತು: ದುಡಿಯುವ ಸ್ನಾಯುವಿನಲ್ಲಿ ಆಮ್ಲಜನಕದಿಂದ, ಬೇರೆ ಅಣುಗಳೊಡನೆ ಥಟ್ಟನೆ ವರ್ತಿಸುವ ಕಣಗಳಾದ ಫ್ರೀ ರ‍್ಯಾಡಿಕಲ್‌ಗಳು ಹುಟ್ಟುತ್ತವೆ, ಅವು ಜೀವಕೋಶದ ಪೊರೆಯನ್ನೂ ಪ್ರೋಟೀನುಗಳನ್ನೂ ಕೆಡಿಸುತ್ತವೆ, ಆದ್ದರಿಂದ ಅವನ್ನು ಮಾತ್ರೆಯಿಂದ ಅಡಗಿಸಬೇಕು. ಈ ತರ್ಕದ ಮೊದಲರ್ಧ ಸುಳ್ಳಲ್ಲ. ಇಲಿಗಳನ್ನು ಸುಸ್ತಾಗುವವರೆಗೆ ಓಡಿಸಿದಾಗ ಅವುಗಳ ಸ್ನಾಯು ಮತ್ತು ಯಕೃತ್ತಿನಲ್ಲಿ ಫ್ರೀ ರ‍್ಯಾಡಿಕಲ್‌ಗಳು ಎರಡರಿಂದ ಮೂರು ಪಟ್ಟು ಹೆಚ್ಚಾಗುವುದನ್ನು 1982ರಲ್ಲಿಯೇ ಕೆಲ್ವಿನ್ ಡೇವಿಸ್, ಲೆಸ್ಟರ್ ಪ್ಯಾಕರ್ ಮತ್ತು ಅವರ ಸಂಗಡಿಗರು ತೋರಿಸಿದ್ದರು. ಇಂಥ ಕಣಗಳ ಉತ್ಪತ್ತಿಯು ದೇಹದ ತಡೆಯುವ ಶಕ್ತಿಯನ್ನು ಮೀರಿದ ಸ್ಥಿತಿಗೆ ಹೆಲ್ಮುಟ್ ಸೀಸ್ ಅವರು 1985ರಲ್ಲಿ ಆಕ್ಸಿಡೇಟಿವ್ ಸ್ಟ್ರೆಸ್ ಎಂದು ಹೆಸರಿಟ್ಟರು. ಕನ್ನಡದಲ್ಲಿ ನಾವು ಅದನ್ನು ಉತ್ಕರ್ಷಣ ಒತ್ತಡ ಎನ್ನುತ್ತೇವೆ.

ತರ್ಕದ ಎರಡನೆಯ ಅರ್ಧವನ್ನು ನಾನು ಕೈಬಿಡಬೇಕಾಯಿತು. 2009ರಲ್ಲಿ ಮಿಖಾಯೆಲ್ ರಿಸ್ಟೋ ಅವರ ತಂಡ ಪ್ರಕಟಿಸಿದ ಅಧ್ಯಯನವನ್ನು ಓದಿದ ದಿನ ನನಗೆ ನಿಜವಾಗಿಯೂ ಕಸಿವಿಸಿಯಾಗಿತ್ತು. ನಾಲ್ಕು ವಾರ ವ್ಯಾಯಾಮ ಮಾಡಿದ ತರುಣರಲ್ಲಿ ಇನ್ಸುಲಿನ್‌ಗೆ ದೇಹ ಸ್ಪಂದಿಸುವ ಶಕ್ತಿ ಹೆಚ್ಚಿತ್ತು; ಆದರೆ ಅದೇ ವ್ಯಾಯಾಮದ ಜೊತೆ ದಿನಕ್ಕೆ 1,000 ಮಿಲಿಗ್ರಾಂ ವಿಟಮಿನ್ ಸಿ ಮತ್ತು 400 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ) ವಿಟಮಿನ್ ಇ ನುಂಗಿದವರಲ್ಲಿ ಆ ಲಾಭ ಕಾಣಲಿಲ್ಲ. ಸ್ನಾಯು ತಾನು ದುಡಿಯುವಾಗ ಬಿಡುಗಡೆ ಮಾಡುವ ಈ ಕಣಗಳು ಹಾನಿಯ ಮೂಲ ಮಾತ್ರವಲ್ಲ, ಜೀವಕೋಶಕ್ಕೆ ತಲುಪುವ ಒಂದು ಸಂದೇಶವೂ ಹೌದು. ಎನ್‌ಆರ್‌ಎಫ್2 ಎಂಬ ಪ್ರೋಟೀನನ್ನು ಸಾಮಾನ್ಯವಾಗಿ ಕೀಪ್1 ಎಂಬ ಇನ್ನೊಂದು ಪ್ರೋಟೀನು ಕಟ್ಟಿಹಾಕಿರುತ್ತದೆ. ಈ ಕಣಗಳು ತಾಗಿದಾಗ ಆ ಕಟ್ಟು ಸಡಿಲಗೊಂಡು ಎನ್‌ಆರ್‌ಎಫ್2 ಕೋಶಕೇಂದ್ರವನ್ನು ಸೇರುತ್ತದೆ, ಅಲ್ಲಿ ದೇಹದ ಸ್ವಂತ ರಕ್ಷಣೆಯ ಕಿಣ್ವಗಳನ್ನೂ ಗ್ಲುಟಾಥಯೋನ್ ಎಂಬ ರಕ್ಷಕ ಅಣುವನ್ನೂ ತಯಾರಿಸುವ ಜೀನುಗಳನ್ನು ಚಾಲನೆಗೊಳಿಸುತ್ತದೆ. ಮಾತ್ರೆಯಿಂದ ಸಂದೇಶವನ್ನೇ ಅಳಿಸಿದರೆ ರಕ್ಷಣೆ ಬೆಳೆಯುವುದಾದರೂ ಹೇಗೆ? ಅಂದಿನಿಂದ ನಾನು ವ್ಯಾಯಾಮದ ಜೊತೆಗೆ ದೊಡ್ಡ ಪ್ರಮಾಣದ ಮಾತ್ರೆಗಳನ್ನು ಸೂಚಿಸುವುದನ್ನು ನಿಲ್ಲಿಸಿದೆ. ನೆಲ್ಲಿಕಾಯಿ, ಪುನರ್ಪುಳಿ, ಬಸಳೆ ತಿನ್ನಬೇಡಿ ಎಂದು ಇದರ ಅರ್ಥವಲ್ಲ. ಊಟದಲ್ಲಿ ಬರುವುದು ಬೇರೆ, ಸಾವಿರ ಮಿಲಿಗ್ರಾಂ ಒಮ್ಮೆಲೇ ನುಂಗುವುದು ಬೇರೆ.

ಹಾಗಾದರೆ ಆಗಸ್ಟಿನ ನೋವು ಏಕೆ ಬರುತ್ತದೆ? ಭಾರವನ್ನು ನಿಧಾನವಾಗಿ ಇಳಿಸುವಾಗ, ಅಲೆಗೆ ಓಲಾಡುವ ಬೋಟಿನಲ್ಲಿ ಮೊಣಕಾಲು ಬಾಗಿಸಿ ನಿಲ್ಲುವಾಗ, ಸ್ನಾಯು ಬಿಗಿದುಕೊಂಡಿರುವಾಗಲೇ ಉದ್ದಕ್ಕೆ ಎಳೆಯಲ್ಪಡುತ್ತದೆ. ಎರಡು ತಿಂಗಳು ಈ ಕೆಲಸ ಮರೆತ ಸ್ನಾಯುವಿನ ಸೂಕ್ಷ್ಮ ಎಳೆಗಳು ಇದರಿಂದ ಹರಿಯುತ್ತವೆ. ಮೊದಲ ಗಾಯ ಯಾಂತ್ರಿಕವಾದುದು. ಅನಂತರದ ಗಂಟೆಗಳಲ್ಲಿ ಹರಿದ ಜಾಗವನ್ನು ಶುಚಿಗೊಳಿಸಲು ಬಂದ ಬಿಳಿ ರಕ್ತಕಣಗಳು ಉತ್ಕರ್ಷಣ ಕಣಗಳನ್ನು ಉದಾರವಾಗಿ ಸುರಿಯುತ್ತವೆ. ಆದ್ದರಿಂದಲೇ ಕೆಲಸ ಮಾಡಿದ ದಿನಕ್ಕಿಂತ, 24ರಿಂದ 72 ಗಂಟೆಗಳ ನಂತರ ನೋವು ಹೆಚ್ಚು. ಆದರೆ ಇಂಥ ಕೆಲಸವನ್ನು ಒಮ್ಮೆ ಹಿತಮಿತವಾಗಿ ಮಾಡಿದ ಸ್ನಾಯುವು ಅದೇ ಕೆಲಸದಿಂದ ಮತ್ತೆ ಅಷ್ಟು ಪೆಟ್ಟು ತಿನ್ನುವುದಿಲ್ಲ, ಮತ್ತು ಆ ರಕ್ಷಣೆ ವಾರಗಟ್ಟಲೆ ಉಳಿಯುತ್ತದೆ. ನನ್ನ ಕಾರ್ಯಕ್ರಮ ಹುಟ್ಟಿದ್ದು ಈ ಒಂದು ತಿಳಿವಿನಿಂದ.

ಜುಲೈ ಮೊದಲ ವಾರದಿಂದ, ಮಳೆ ಹೊಯ್ಯುತ್ತಿರುವಾಗಲೇ, ಪರಿಚಯದ ಕೆಲವು ಮೀನುಗಾರರನ್ನು ವಾರಕ್ಕೆ ಮೂರು ದಿನ ಬರಹೇಳುತ್ತೇನೆ. ಮೊದಲ ವಾರ ಕುರ್ಚಿಯಿಂದ ನಾಲ್ಕು ಎಣಿಸುವವರೆಗೆ ನಿಧಾನವಾಗಿ ಕುಳಿತು ಏಳುವುದು, ಅರ್ಧ ತುಂಬಿದ ಬಕೆಟನ್ನು ಮೆಲ್ಲಗೆ ಕೆಳಗಿಳಿಸುವುದು, ಗೋಡೆಗೆ ಕಟ್ಟಿದ ರಬ್ಬರ್ ಪಟ್ಟಿಯನ್ನು ಎಳೆದು ಅದಕ್ಕೆ ತಡೆಯೊಡ್ಡುತ್ತಾ ಬಿಡುವುದು, ಇಷ್ಟೇ. ಹತ್ತರ ಎರಡು ಸುತ್ತು. ಎರಡನೆಯ ವಾರ ಸುತ್ತು ಮೂರಾಗುತ್ತದೆ, ಮೂರನೆಯ ವಾರ ಬಕೆಟ್ ಪೂರ್ತಿ ತುಂಬುತ್ತದೆ, ನಾಲ್ಕನೆಯ ವಾರದಲ್ಲಿ ಹಳೆಯ ಬಲೆಯ ಹಗ್ಗಕ್ಕೆ ಮರಳಿನ ಚೀಲ ಕಟ್ಟಿ ಎಳೆಯಿಸುತ್ತೇನೆ. ಉಳಿದ ದಿನಗಳಲ್ಲಿ ಅರ್ಧ ಗಂಟೆ ಬಿರುಸಾದ ನಡಿಗೆ. ನನ್ನಲ್ಲಿ ಉತ್ಕರ್ಷಣ ಒತ್ತಡವನ್ನು ಅಳೆಯುವ ಪ್ರಯೋಗಾಲಯವಿಲ್ಲ. ಎರಡು ದಿನಗಳ ನಂತರದ ನೋವಿನ ಅಂಕವನ್ನೂ ಡೈನಮೋಮೀಟರಿನಲ್ಲಿ ಕೈಹಿಡಿತದ ಬಲವನ್ನೂ ಬರೆದಿಡುತ್ತೇನೆ. ನೋವು ಹತ್ತಕ್ಕೆ ನಾಲ್ಕನ್ನು ದಾಟಿದರೆ ಅಥವಾ ಹಿಡಿತ ಇಳಿದರೆ ಮುಂದಿನ ದಿನದ ಭಾರವನ್ನು ಹೆಚ್ಚಿಸುವುದಿಲ್ಲ.

ಉಳಿದ ಚಿಕಿತ್ಸೆಗಳ ಬಗ್ಗೆಯೂ ನನ್ನ ನಿಲುವು ಬದಲಾಗಿದೆ. ಬಲ ತರಬೇತಿಯ ನಂತರ ಪ್ರತಿಬಾರಿಯೂ 10 ಡಿಗ್ರಿಯ ತಣ್ಣೀರಿನಲ್ಲಿ 10 ನಿಮಿಷ ಕುಳಿತವರ ಸ್ನಾಯು, 12 ವಾರಗಳ ಕೊನೆಗೆ, ಹಗುರ ಸೈಕಲ್ ತುಳಿದವರಷ್ಟು ಬೆಳೆಯಲಿಲ್ಲ ಎಂದು 2015ರ ಒಂದು ಅಧ್ಯಯನ ತೋರಿಸಿತು. ಹಾಗಾಗಿ ತಯಾರಿಯ ತಿಂಗಳಲ್ಲಿ ನಾನು ಐಸ್ ಕೊಡುವುದಿಲ್ಲ. ಹೊಸ ಉಳುಕು, ಊತ ಇದ್ದರೆ ನೋವು ತಗ್ಗಿಸಲು ಮಾತ್ರ ಬಳಸುತ್ತೇನೆ. ಮಾಲೀಸಿನ ಮೇಲೆ ನನಗೆ ಹೆಚ್ಚು ವಿಶ್ವಾಸ. 2012ರಲ್ಲಿ 11 ಮಂದಿ ಯುವಕರ ಒಂದು ಕಾಲಿಗೆ ಮಾತ್ರ 10 ನಿಮಿಷ ಮಾಲೀಸು ಮಾಡಿ ನೋಡಿದ ಪ್ರಯೋಗದಲ್ಲಿ ಉರಿಯೂತದ ಸಂಕೇತಗಳು ತಗ್ಗಿದ್ದವು, ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳನ್ನು ಹೊಸದಾಗಿ ಕಟ್ಟುವ ಸಂಕೇತಗಳು ಹೆಚ್ಚಿದ್ದವು. ಲ್ಯಾಕ್ಟಿಕ್ ಆಮ್ಲ ಹೊರಹೋಗುತ್ತದೆ ಎಂಬ ಜನಪ್ರಿಯ ಮಾತಿಗೆ ಅದೇ ಪ್ರಯೋಗದಲ್ಲಿ ಆಧಾರ ಸಿಗಲಿಲ್ಲ, ಹಾಗಾಗಿ ನಾನು ಅದನ್ನು ರೋಗಿಗಳಿಗೆ ಹೇಳುವುದನ್ನೂ ಬಿಟ್ಟಿದ್ದೇನೆ.

ಈ ತಯಾರಿಗೆ ಬಂದವರು ಆಗಸ್ಟಿನಲ್ಲಿಯೂ ನೋಯುತ್ತಾರೆ, ಆದರೆ ಕೈ ಎತ್ತಲಾರದ ಸ್ಥಿತಿಯಲ್ಲಿ ಬರುವವರು ಅವರಲ್ಲಿ ತೀರ ಕಡಿಮೆ. ಐವತ್ತು ದಾಟಿದ, ಸಕ್ಕರೆ ಕಾಯಿಲೆಯೂ ಇರುವ ತಾಂಡೇಲರೊಬ್ಬರ (ಬೋಟು ನಡೆಸುವವರ) ವಿಷಯದಲ್ಲಿ ನಾನು ಇನ್ನೂ ನಿಧಾನ ಮಾಡಿದೆ, ಏಕೆಂದರೆ ಸಕ್ಕರೆ ಹೆಚ್ಚಿರುವ ಅಂಗಾಂಶದಲ್ಲಿ ಉತ್ಕರ್ಷಣ ಒತ್ತಡ ಮೊದಲೇ ಹೆಚ್ಚಿರುತ್ತದೆ. ಅವರಿಗೆ ನಾಲ್ಕು ವಾರದ ಪಾಠವನ್ನು ಏಳು ವಾರಕ್ಕೆ ಹಿಗ್ಗಿಸಿ, ಜೂನ್ ಮಧ್ಯದಲ್ಲಿಯೇ ಆರಂಭಿಸಿದೆ. ಬೋಟು ಹೊರಡುವ ಮುನ್ನಾದಿನ ಎಲ್ಲರಿಗೂ ಒಂದು ಎಚ್ಚರಿಕೆಯನ್ನು ಬರೆದು ಕೊಡುತ್ತೇನೆ: ವಿಪರೀತ ನೋವಿನ ಜೊತೆಗೆ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಅದು ಸ್ನಾಯು ಒಡೆದು ಮೂತ್ರಪಿಂಡಕ್ಕೆ ಅಪಾಯ ತರುತ್ತಿರುವ ಲಕ್ಷಣ, ಮಾಲೀಸಿಗೆ ಕಾಯದೆ ದಡ ಸೇರಿದ ಕೂಡಲೇ ಆಸ್ಪತ್ರೆಗೆ ಹೋಗಬೇಕು.