ಕಲಸಿದ ಮಾತಿಗೆ ಅಕ್ಷರದ ಹಲಗೆ: ನಾನು ಮಾಡಿಸುವ ರೀತಿ

ಪಾರ್ಶ್ವವಾಯು, ತಲೆಪೆಟ್ಟು ಅಥವಾ ಪಾರ್ಕಿನ್ಸನ್ ಕಾಯಿಲೆಯಿಂದ ಡಿಸಾರ್ಥ್ರಿಯಾ (ಮಾತಿನ ಸ್ನಾಯುಗಳ ಹಿಡಿತ ತಪ್ಪಿ ಮಾತು ಕಲಸಿಹೋಗುವ ತೊಂದರೆ) ಆದವರಿಗೆ ‘ನಿಧಾನವಾಗಿ ಮಾತಾಡಿ’ ಅಂದರೆ ಎರಡು ವಾಕ್ಯ ನಿಧಾನಿಸುತ್ತಾರೆ, ಮೂರನೆಯದಕ್ಕೆ ಹಳೇ ಓಟವೇ. ಅದಕ್ಕೇ ಬೆರಳಿಗೊಂದು ಕೆಲಸ ಕೊಡುತ್ತೇನೆ: ಪ್ರತಿ ಪದ ಹೇಳುವಾಗಲೂ ಅದರ ಮೊದಲ ಅಕ್ಷರವನ್ನು ಹಲಗೆಯ ಮೇಲೆ ಮುಟ್ಟಬೇಕು. ವೇಗ ತಾನಾಗಿ ಇಳಿಯುತ್ತದೆ, ಪದ ಪದ ಬಿಡಿಯಾಗುತ್ತದೆ, ಕೇಳುವವರಿಗೆ ಪದದ ಸುಳಿವೂ ಸಿಗುತ್ತದೆ.

ಹಲಗೆಗೆ ಇಡೀ ವರ್ಣಮಾಲೆ ಬೇಡ. ಕಾಗುಣಿತವಂತೂ ಬೇಡವೇ ಬೇಡ, ಹುಡುಕುವಷ್ಟರಲ್ಲಿ ಉಸಿರು ಮುಗಿದಿರುತ್ತದೆ. ಕ-ಖ, ಗ-ಘ ಹೀಗೆ ಅಲ್ಪಪ್ರಾಣ ಮಹಾಪ್ರಾಣ ಸೇರಿಸಿ ಹತ್ತು ಮನೆ. ಮ, ನ, ಯ, ರ, ಲ, ವ, ಹ ಒಂದೊಂದು, ಶ-ಷ-ಸಗೆ ಒಂದು. ಣ, ಳ ಪದದ ಮೊದಲಿಗೆ ಬರುವುದಿಲ್ಲ, ಬಿಟ್ಟುಬಿಡಿ. ಸ್ವರಗಳಿಗೆ ಐದು: ಅ-ಆ, ಇ-ಈ, ಉ-ಊ, ಎ-ಏ-ಐ, ಒ-ಓ-ಔ. ಒಟ್ಟು 23 ಆಯಿತು. 24ನೆಯದು ‘ಹೊಸ ವಿಷಯ’, ಮಾತಿನ ವಿಷಯ ಬದಲಿಸುವಾಗ ಮುಟ್ಟಲು. ಎ4 ಹಾಳೆಯನ್ನು ಅಡ್ಡಲಾಗಿಟ್ಟರೆ 4.5 ಸೆಂ.ಮೀ. ಚೌಕಗಳು ಸಾಲಿಗೆ ಆರರಂತೆ ನಾಲ್ಕು ಸಾಲು ಕೂರುತ್ತವೆ. ಕೆಳಗೆ ಉಳಿಯುವ ಪಟ್ಟಿಯಲ್ಲಿ ‘ಹೌದು’, ‘ಅಲ್ಲ’, ‘ಮತ್ತೆ ಹೇಳುತ್ತೇನೆ’ ಎಂದು ಬರೆಯಿರಿ. ಕೈ ನಡುಗುವವರಿಗೆ ಎ3 ಹಾಳೆಯೇ ಸರಿ.

ಮೊಣಕೈ ಮೇಜಿನ ಮೇಲೆ, ಹಲಗೆ ಓರೆಯಾಗಿ. ಚಪ್ಪಟೆ ಇಟ್ಟರೆ ಗದ್ದ ಎದೆಗೆ ಇಳಿಯುತ್ತದೆ, ದನಿಯೂ ಕುಗ್ಗುತ್ತದೆ. ಕೇಳುವವರು ಪಕ್ಕದಲ್ಲಿ, ಹಲಗೆ ಮತ್ತು ತುಟಿ ಎರಡೂ ಕಾಣುವಂತೆ ಕೂರಬೇಕು. ಬಿಡಿಪದ, ಎರಡು ಪದ, ವಾಕ್ಯ, ಆಮೇಲೆ ಮಾತುಕತೆ. ಶುರುವಿಗೆ ಕೇಳುವವರು ಪ್ರತಿ ಪದವನ್ನೂ ತಿರುಗಿ ಹೇಳಬೇಕು. ಅರ್ಥವಾಗದೆ ‘ಹ್ಞೂಂ’ ಅಂದುಬಿಡುವುದು ರೋಗಿಗೆ ಮಾಡುವ ಅನ್ಯಾಯ.

ಹೆಚ್ಚಾಗಿ ಕೆಡುವುದು ಬೆರಳಿನಿಂದ. ಬಾಯಲ್ಲಿ ಪದ ಮುಗಿಯುವ ಮೊದಲೇ ಅದು ಮುಂದಿನ ಮನೆಗೆ ಹಾರುತ್ತದೆ, ಹಿಂದೆಯೇ ಮಾತೂ ಓಡುತ್ತದೆ. ಪದದ ಕೊನೆಯ ಸ್ವರ ಕೇಳುವವರೆಗೂ ಬೆರಳು ಅಲ್ಲೇ ಒತ್ತಿರಲಿ. ಇನ್ನೊಂದು ತೊಡಕು ನಮ್ಮ ಉದ್ದುದ್ದ ಪದಗಳದ್ದು. ‘ಹೋಗಬೇಕಾಗಿತ್ತು’ ಅನ್ನುವುದಕ್ಕೆ ಹ ಒಂದನ್ನೇ ಮುಟ್ಟಿದರೆ ಉಳಿದದ್ದೆಲ್ಲ ಉರುಳಿಹೋಗುತ್ತದೆ. ಇಂಥದ್ದನ್ನು ‘ಹೋಗ’, ‘ಬೇಕಾಗಿತ್ತು’ ಎಂದು ಒಡೆದು ಹ, ಬ ಎರಡನ್ನೂ ಮುಟ್ಟಿಸುತ್ತೇನೆ. ಕೆಲವರು ಪೂರ್ತಿ ಪದವನ್ನೇ ಅಕ್ಷರ ಅಕ್ಷರವಾಗಿ ಮುಟ್ಟತೊಡಗುತ್ತಾರೆ. ಎರಡು ಸಲ ತಿರುಗಿ ಹೇಳಿದರೂ ತಿಳಿಯದ ಪದಕ್ಕೆ ಮಾತ್ರ ಅದು.

ಓದು ಬಾರದವರಿಗೆ, ಬೆರಳು ಗುರಿಗೆ ನಿಲ್ಲದವರಿಗೆ ಇದು ಆಗದು. ಅವರಿಗೆ ಪದಕ್ಕೊಂದರಂತೆ ಮೇಜು ತಟ್ಟಿಸುತ್ತೇನೆ. ಸುಳಿವು ಸಿಗುವುದಿಲ್ಲ, ವೇಗವಾದರೂ ಇಳಿಯುತ್ತದೆ.

ಮಾತಿನ ಸಹಜ ಏರಿಳಿತ ಹೋಗುತ್ತದೆ ಎಂದು ಮೊದಲೇ ಹೇಳಿಬಿಡಬೇಕು. ಅದಕ್ಕೆ ತಕ್ಕ ಲಾಭವಿದೆಯೇ ಎಂದು ಮೊದಲ ದಿನವೇ ನೋಡುತ್ತೇನೆ. ಹಲಗೆ ಇಲ್ಲದೆ ಹತ್ತು ವಾಕ್ಯ, ಹಲಗೆ ಹಿಡಿದು ಅಷ್ಟೇ ಉದ್ದದ ಬೇರೆ ಹತ್ತು ವಾಕ್ಯ ವಿಡಿಯೊ ಮಾಡಿ, ಅವರ ಮಾತು ಎಂದೂ ಕೇಳದವರಿಂದ ಬರೆಸುತ್ತೇನೆ. ಮನೆಯವರಿಂದ ಬರೆಸಬಾರದು, ಅವರ ಕಿವಿ ಆ ಮಾತಿಗೆ ಪಳಗಿರುತ್ತದೆ. ಸರಿಯಾಗಿ ಬರೆದ ಪದಗಳನ್ನು ಎಣಿಸಿ ನೋಡಿ, ಹೆಚ್ಚಿಲ್ಲದಿದ್ದರೆ ಹಲಗೆ ಬಿಡುತ್ತೇನೆ.