‘ನೋಡೋಣ’ ಎನ್ನುವುದನ್ನು ಬಿಟ್ಟ ಮೇಲೆ

ಜಯನಗರದ ನಮ್ಮ ಪುಟ್ಟ ಆ್ಯನಿಮೇಷನ್ ಸ್ಟುಡಿಯೋದಲ್ಲಿ ಜಪಾನಿನ ಹಿನ್ನೆಲೆ ಚಿತ್ರಕಲಾವಿದೆ, ಜರ್ಮನಿಯ ಸ್ಟೋರಿಬೋರ್ಡ್ (ಕಥೆಯನ್ನು ಮೊದಲು ದೃಶ್ಯ ದೃಶ್ಯವಾಗಿ ಬರೆದಿಡುವ ಚಿತ್ರಗಳು) ಕಲಾವಿದ ಮತ್ತು ಮಿಜೋರಾಂನ ಇಬ್ಬರು ಆ್ಯನಿಮೇಟರುಗಳ ಜೊತೆಗೂಡಿ ಮಕ್ಕಳ ಕಿರುಚಿತ್ರಗಳ ಮೂರು ಕಂತುಗಳನ್ನು ಮುಗಿಸಿದ್ದೇವೆ. ಮೊದಲ ಕಂತು ಕೆಟ್ಟಾಗ ಇಲ್ಲಿಯವರನ್ನೇ ಇಟ್ಟುಕೊಂಡು ಮಾಡಿ ಎಂದು ಬುದ್ಧಿ ಹೇಳಿದವರೇ ಈಗ ವಿಧಾನವನ್ನು ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಕೆಟ್ಟದ್ದು ನನ್ನಿಂದಲೇ. ಒಪ್ಪಿಗೆಯಾಗದ ಸಲಹೆಗೆ ನಾವು ‘ನೋಡೋಣ’ ಎನ್ನುತ್ತೇವೆ. ಅದು ಬೇಡವೆಂದೇ ಅರ್ಥವೆಂಬುದು ಇಲ್ಲಿ ಎಲ್ಲರಿಗೂ ಗೊತ್ತು. ಅದನ್ನೇ ನಾನು ಇಂಗ್ಲಿಷಿನಲ್ಲಿ ಹೇಳಿದಾಗ ಜರ್ಮನಿಯ ಗೆಳೆಯರು ಒಪ್ಪಿಗೆಯೆಂದು ತಿಳಿದು ಮೂರು ವಾರ ಕುಳಿತು ದೃಶ್ಯಗಳನ್ನು ಬರೆದರು. ಅವು ಹೊಂದುವುದಿಲ್ಲವೆಂದು ಜಪಾನಿನ ಕಲಾವಿದೆಗೆ ಮೊದಲೇ ಅನ್ನಿಸಿತ್ತಾದರೂ, ಯಾರೂ ಕೇಳದಿದ್ದುದರಿಂದ ಅವರು ಸುಮ್ಮನಿದ್ದರು. ಸುಮಾರು ಎರಡೂವರೆ ಲಕ್ಷ ರೂಪಾಯಿ ಹೋಯಿತು. ಬಳಿಕ ಪ್ರತಿಯೊಬ್ಬರೂ ತಮ್ಮ ತಾಯ್ನುಡಿಯಲ್ಲಿ ಟಿಪ್ಪಣಿ ಬರೆಯಲಿ ಎಂದು ಅನುವಾದಕ್ಕೆ ಹತ್ತು ಸಾವಿರದಷ್ಟು ಸುರಿದೆವು. ಸಂಕೋಚದ ಮಾತು ಅನುವಾದವಾದ ಮೇಲೂ ಸಂಕೋಚದ ಮಾತಾಗಿಯೇ ಉಳಿಯಿತು.

ಕೊನೆಗೆ ಕೈಹಿಡಿದದ್ದು ಮಾತಿಲ್ಲದ ಸಭೆ. ಮೊದಲ ಇಪ್ಪತ್ತೈದು ನಿಮಿಷ ಎಲ್ಲರೂ ಪೆನ್ಸಿಲಿನಲ್ಲಿ ಮೂರು ಚಿತ್ರಗಳನ್ನಷ್ಟೇ ಬರೆಯಬೇಕು. ಅವು ಇನ್ನೊಬ್ಬರ ಕೈಗೆ ಹೋಗುತ್ತವೆ. ಅವರು ಒಂದು ದಿನ ಇಟ್ಟುಕೊಂಡು ತಿದ್ದಿ, ಮೂಲ ಚಿತ್ರದ ಪರವಾಗಿ ತಾವೇ ವಾದಿಸಬೇಕು. ಯಾರ ಚಿತ್ರ ಯಾರಿಗೆ ಹೋಗಬೇಕೆಂಬುದರಲ್ಲಿ ನನ್ನದೊಂದು ಲೆಕ್ಕವಿದೆ, ಅದನ್ನು ಇಲ್ಲಿ ಹೇಳುವುದಿಲ್ಲ. ವೇಳೆಯ ವಿಷಯದಲ್ಲಿ ಬೆಂಗಳೂರಿನಷ್ಟು ಅನುಕೂಲವಾದ ಊರಿಲ್ಲ: ಬೇಸಿಗೆಯಲ್ಲಿ ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ, ಜರ್ಮನಿ ಅಷ್ಟೇ ಹಿಂದೆ. ನಮ್ಮ ಮಧ್ಯಾಹ್ನ 12.30 ಅವರಿಗೆ ಸಂಜೆ 4, ಇವರಿಗೆ ಬೆಳಿಗ್ಗೆ 9. ಚಳಿಗಾಲದಲ್ಲಿ ಜರ್ಮನಿಯ ಗಡಿಯಾರ ಒಂದು ಗಂಟೆ ಹಿಂದೆ ಸರಿಯುವುದರಿಂದ ನಾವು 1.30ಕ್ಕೆ ಕೂರುತ್ತೇವೆ.

ಈ ವಿಧಾನದ ಮೊದಲ ಫಲ ಗೂಬೆ. ನಮ್ಮ ಹುಡುಗನೊಬ್ಬ ಮಾಡಿನ ಮೇಲೆ ಕುಳಿತ ಗೂಬೆಯನ್ನು ಜನ ಓಡಿಸುವ ಚಿತ್ರ ಬರೆದಿದ್ದ. ಜಪಾನಿನಲ್ಲಿ ಗೂಬೆಯ ಹೆಸರಿಗೆ ‘ಕಷ್ಟವಿಲ್ಲ’ ಎಂಬ ಅರ್ಥವನ್ನೂ ಹಚ್ಚುವುದರಿಂದ ಅದು ಶುಭದ ಹಕ್ಕಿ; ಆ ಕಲಾವಿದೆ ತಿದ್ದಿದ ಚಿತ್ರದಲ್ಲಿ ಜನ ಅದನ್ನು ಮನೆಯೊಳಗೆ ಕರೆಯುತ್ತಿದ್ದರು. ಗೂಬೆಯನ್ನು ಜ್ಞಾನದ ಗುರುತೆಂದು ಬಲ್ಲ ಜರ್ಮನಿಯವರಿಗೆ ಓಡಿಸುವುದೇಕೆಂದು ತಿಳಿಯಲಿಲ್ಲ. ಅದನ್ನು ವಿವರಿಸುವಾಗ ‘ಗೂಬೆ ಕೂರಿಸುವುದು’ ಎಂಬ ನಮ್ಮ ಮಾತು ಬಾಯಿಗೆ ಬಂತು, ಅಲ್ಲಿಗೆ ಕಥೆ ಸಿಕ್ಕಿತು: ತಪ್ಪು ಮಾಡಿದವರೆಲ್ಲ ಗೂಬೆಯನ್ನು ಪಕ್ಕದವರ ತಲೆಗೆ ದಾಟಿಸುತ್ತಾರೆ, ಕೊನೆಗೆ ಒಬ್ಬ ಹುಡುಗಿ ಅದಕ್ಕೆ ತನ್ನ ಜಡೆಯಲ್ಲೇ ಗೂಡು ಕಟ್ಟಿಕೊಡುತ್ತಾಳೆ. ತಲೆಯಿಂದ ತಲೆಗೆ ಜಿಗಿಯುವ ಅದರ ನಡಿಗೆಯನ್ನು ಮಿಜೋರಾಂನ ಗೆಳೆಯರು ಮಾಡಿದರು. ಅಂಥದ್ದನ್ನು ನಮ್ಮಲ್ಲಿ ಯಾರೂ ಮಾಡಲಾರರು.

ಮೊದಲ ಕಂತಿಗೆ ಹದಿನಾಲ್ಕು ವಾರ ಹಿಡಿದಿತ್ತು, ಗೂಬೆಯ ಕಂತು ಒಂಬತ್ತು ವಾರಗಳಲ್ಲಿ ಮುಗಿಯಿತು. ಈಗ ಬೇಡವೆನ್ನಿಸಿದ ಚಿತ್ರದ ಮೇಲೆ ಜಪಾನಿನ ಕಲಾವಿದೆಯೇ ಮೊದಲು ಗೆರೆ ಎಳೆಯುತ್ತಾರೆ.