ಹಳೆಯ ಗವರ್ನರ್ ಚುನಾವಣೆಯ ಫಲಿತಾಂಶವನ್ನು ಓದುವ ಬಗೆ: ನ್ಯೂಯಾರ್ಕ್, 1906

ಅಮೆರಿಕದ ರಾಜ್ಯವೊಂದರ ಹಳೆಯ ಗವರ್ನರ್ (ಜನರಿಂದ ಆಯ್ಕೆಯಾಗುವ ರಾಜ್ಯ ಸರ್ಕಾರದ ಮುಖ್ಯಸ್ಥ) ಚುನಾವಣೆಯನ್ನು ಅಭ್ಯಾಸ ಮಾಡುವವರು ಮೊದಲು ಅಂದಿನ ನಿಯಮಗಳನ್ನು ತಿಳಿದುಕೊಳ್ಳಬೇಕು. 1906ರಲ್ಲಿ ನ್ಯೂಯಾರ್ಕ್ ಗವರ್ನರರ ಅವಧಿ ಎರಡೇ ವರ್ಷ. ಅಭ್ಯರ್ಥಿಗಳನ್ನು ಆರಿಸುತ್ತಿದ್ದುದು ಪಕ್ಷದ ಸಮಾವೇಶ. ಮಹಿಳೆಯರಿಗೆ ಅಲ್ಲಿ ಮತದಾನದ ಹಕ್ಕು ದೊರೆತದ್ದು 1917ರಲ್ಲಿ.

ಆಮೇಲೆ ಅಭ್ಯರ್ಥಿಗಳ ಹಿನ್ನೆಲೆಯನ್ನು ನೋಡಿ. ರಿಪಬ್ಲಿಕನ್ ಪಕ್ಷದ ಚಾರ್ಲ್ಸ್ ಇವಾನ್ಸ್ ಹ್ಯೂಸ್ 1905ರಲ್ಲಿ ಜೀವವಿಮಾ ಕಂಪನಿಗಳ ಅಕ್ರಮಗಳ ವಿಚಾರಣೆ ನಡೆಸಿ ಹೆಸರು ಗಳಿಸಿದ್ದ ವಕೀಲರು. ಎದುರಾಳಿ ವಿಲಿಯಂ ರ‍್ಯಾಂಡಾಲ್ಫ್ ಹರ್ಸ್ಟ್ ಪತ್ರಿಕೆಗಳ ಒಡೆಯರು; ಡೆಮಾಕ್ರಟಿಕ್ ಪಕ್ಷದ ಜೊತೆಗೆ ತಮ್ಮದೇ ಪಕ್ಷವಾದ ಇಂಡಿಪೆಂಡೆನ್ಸ್ ಲೀಗ್‌ನ ಬೆಂಬಲವೂ ಅವರಿಗಿತ್ತು. ಆದ್ದರಿಂದ ಅಂದಿನ ಪತ್ರಿಕಾ ವರದಿಯನ್ನು ನಂಬುವ ಮುನ್ನ ಆ ಪತ್ರಿಕೆ ಯಾರದೆಂದು ವಿಚಾರಿಸುವುದು ಒಳ್ಳೆಯದು, ಏಕೆಂದರೆ ಇಲ್ಲಿ ಸ್ಪರ್ಧಿಯೇ ಮಾಲೀಕ.

ಕೊನೆಗೆ ಅಂಕಿಗಳಿಗೆ ಬನ್ನಿ. ಹ್ಯೂಸ್ ಸುಮಾರು 58,000 ಮತಗಳ ಅಂತರದಿಂದ ಗೆದ್ದರು. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಮುಖ್ಯ ಸಂಗತಿಯೇ ಕೈತಪ್ಪುತ್ತದೆ: ಉಪಗವರ್ನರ್ ಸೇರಿದಂತೆ ರಾಜ್ಯಮಟ್ಟದ ಉಳಿದೆಲ್ಲ ಹುದ್ದೆಗಳಲ್ಲಿ ರಿಪಬ್ಲಿಕನ್ನರು ಸೋತಿದ್ದರು. ಅಂದರೆ ಡೆಮಾಕ್ರಟಿಕ್ ಪಕ್ಷದ ಇತರ ಅಭ್ಯರ್ಥಿಗಳಿಗೆ ಮತ ಹಾಕಿದವರಲ್ಲೇ ಹಲವರು ಹರ್ಸ್ಟ್‌ರನ್ನು ಮಾತ್ರ ಕೈಬಿಟ್ಟಿದ್ದರು. ಚುನಾವಣೆಗೆ ಕೆಲವೇ ದಿನಗಳ ಮುಂಚೆ ರಿಪಬ್ಲಿಕನ್ ಪಕ್ಷದವರೇ ಆದ ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ತಮ್ಮ ವಿದೇಶಾಂಗ ಕಾರ್ಯದರ್ಶಿ ಎಲಿಹು ರೂಟ್ ಅವರಿಂದ ಯುಟಿಕಾ ನಗರದಲ್ಲಿ ಹರ್ಸ್ಟ್ ವಿರುದ್ಧ ಭಾಷಣ ಮಾಡಿಸಿದ್ದನ್ನೂ ಈ ಅಂಕಿಗಳ ಪಕ್ಕದಲ್ಲಿಟ್ಟು ಓದಬೇಕು. ಅದರಿಂದ ಎಷ್ಟು ಮತಗಳು ಕದಲಿದವೆಂದು ಮಾತ್ರ ಫಲಿತಾಂಶದ ಪಟ್ಟಿ ಹೇಳಲಾರದು.